ವಿಮಾನಪರೀಕ್ಷಕ ಸುರಂಜನ ದಾಸರ ಜೀವನ

ಬೆಂಗಳೂರು ನಗರದ ಪೂರ್ವಭಾಗದಲ್ಲಿ ಹಳೆಯ ಮದರಾಸು ರಸ್ತೆಯಿಂದ ಹೊರಟು ಹಳೆಯ ವಿಮಾನನಿಲ್ದಾಣದ ಕಡೆಗೆ ಸಾಗುವ ಒಂದು ದೊಡ್ಡ ರಸ್ತೆಯುಂಟು. ಅದಕ್ಕೆ ಸುರಂಜನ ದಾಸ್ ರಸ್ತೆಯೆಂದು ಹೆಸರು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಿಂದ ಉದ್ಯೋಗಕ್ಕಾಗಿಯೋ, ಮದುವೆಯಾಗಿಯೋ ಆ ನಗರವನ್ನು ಸೇರಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ಹೆಸರನ್ನು ಕೇಳಿರಬಹುದು; ತಮ್ಮ ವಿಳಾಸದಲ್ಲಿ ಬರೆದಿರಲೂಬಹುದು. ಆದರೆ ಆ ಹೆಸರು ಯಾರದು, ಅವರು ಮಾಡಿದ ಕಾರ್ಯವೇನು, ಒಂದು ರಾಜಬೀದಿಗೆ ಅವರ ಹೆಸರನ್ನಿಡುವಷ್ಟು ಉಪಕಾರವು ಅವರಿಂದ ನಮಗೇನಾಯಿತು ಎಂದು ವಿಚಾರಿಸಿದರೆ ಉತ್ತರ ಹೇಳಬಲ್ಲವರು ವಿರಳ. ನಮ್ಮ ನಾಡಿನಲ್ಲಿ ದಾಸರೆಂದೊಡನೆ ಪುರಂದರದಾಸರೂ ಕನಕದಾಸರೂ ನೆನಪಿಗೆ ಬರುವರು. ಈ ದಾಸರು ಹಾಡಿದವರಲ್ಲ, ಹಾರಿದವರು. ವಂಗದೇಶದ ಮನೆತನದ ಹೆಸರನ್ನು ಹೊತ್ತು ಬಂದು, ಕನ್ನಡನಾಡಿನ ಆಕಾಶದಲ್ಲಿ ತಮ್ಮ ಬಾಳಿನ ಮುಖ್ಯ ಕಾರ್ಯವನ್ನು ನಡೆಸಿ, ಕನ್ನಡನಾಡಿನ ನೆಲದಲ್ಲಿಯೇ ಪ್ರಾಣವನ್ನೊಪ್ಪಿಸಿದವರು.

ಇವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳುವುದಕ್ಕೆ ನಮಗೆ ಇನ್ನೊಂದು ಕಾರಣವೂ ಇರುವುದು. ಮೈಸೂರಿನಿಂದ ನಂಜನಗೂಡಿಗೆ ಬರುವ ಹೆದ್ದಾರಿಯ ಬಳಿಯಲ್ಲಿಯೇ ಮಂಡಕಳ್ಳಿಯ ವಿಮಾನನಿಲ್ದಾಣವಿದೆ. ಮಹಾರಾಜರ ಆಳ್ವಿಕೆಯ ಕಾಲದಲ್ಲಿ ಏರ್ಪಟ್ಟ ಆ ಬಯಲು ಬಹುಕಾಲ ಹೆಚ್ಚಿನ ಉಪಯೋಗವಿಲ್ಲದೆ ಇದ್ದು, 2010ರಲ್ಲಿ ಹೊಸ ಕಟ್ಟಡದೊಡನೆ ಜನರ ಪ್ರಯಾಣಕ್ಕಾಗಿ ತೆರೆಯಲ್ಪಟ್ಟಿತು. ಅಂದಿನಿಂದ ನಮ್ಮ ಮಕ್ಕಳು ವಿಮಾನವು ತಲೆಯ ಮೇಲೆ ಇಳಿಮುಖವಾಗಿ ಬರುವುದನ್ನು ಬಸ್ಸಿನ ಕಿಟಕಿಯಿಂದ ನೋಡುವಂತಾಯಿತು. ನೋಡಿದವರಲ್ಲಿ ಕೆಲವರು ತಾವೂ ವಿಮಾನವನ್ನು ನಡೆಸಬೇಕೆಂದೂ, ಅದರೊಳಗೆ ಪ್ರಯಾಣಿಕರ ಸೇವೆ ಮಾಡಬೇಕೆಂದೂ, ಅದರ ಯಂತ್ರವನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಲಿಯಬೇಕೆಂದೂ ಆಸೆಪಡುವರು. ಆಗ ತಾಯಿತಂದೆಗಳ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ ಒಂದೇ: ಅದು ಅಪಾಯವಲ್ಲವೇ? ಈ ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಸುಳ್ಳು ಸಮಾಧಾನವನ್ನು ಹೇಳುವುದೂ ಸರಿಯಲ್ಲ. ಸುರಂಜನ ದಾಸರ ಜೀವನವನ್ನು ನೋಡಿದರೆ ಇದಕ್ಕೆ ಸತ್ಯವಾದ ಉತ್ತರವು ಎಂಥದೆಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತೆಂದು ನಾವು ನಂಬಿರುವೆವು.

ಸುರಂಜನ ದಾಸರು 1920ರಲ್ಲಿ ಹುಟ್ಟಿದರು. ಇವರ ತಂದೆ ಸುಧಿರಂಜನ ದಾಸರು ಪ್ರಖ್ಯಾತ ನ್ಯಾಯವಾದಿಗಳು. ಅವರು ಬಾಲ್ಯದಲ್ಲಿ ಕವಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಶಾಲೆಯಲ್ಲಿ, ಅದರ ಆರಂಭದ ದಿನಗಳ ವಿದ್ಯಾರ್ಥಿಗಳಲ್ಲೊಬ್ಬರಾಗಿ ಓದಿದವರು. ಮುಂದೆ ನ್ಯಾಯಾಧೀಶರಾಗಿ, 1956ರಿಂದ 1959ರವರೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಪದವಿಯನ್ನಲಂಕರಿಸಿದರು. ಆ ಬಳಿಕ ತಾವು ಓದಿದ ಶಾಂತಿನಿಕೇತನಕ್ಕೇ ಮರಳಿ, ವಿಶ್ವಭಾರತಿಯ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ಇಂಥ ಮನೆಯಲ್ಲಿ ಹುಟ್ಟಿದ ಮಗನು ನ್ಯಾಯಶಾಸ್ತ್ರವನ್ನು ಓದಿ ತಂದೆಯ ದಾರಿಯನ್ನೇ ಹಿಡಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಮಗನು ವಾಯುಪಡೆಯನ್ನು ಆರಿಸಿಕೊಂಡನು. ಮೇಲುನೋಟಕ್ಕೆ ಇವೆರಡು ವೃತ್ತಿಗಳಿಗೂ ಅಜಗಜಾಂತರವಿರುವಂತೆ ತೋರುವುದು. ಆದರೂ ವಿಚಾರಿಸಿ ನೋಡಿದರೆ ಒಂದು ಸಾಮ್ಯವಿದೆ. ನ್ಯಾಯಾಧೀಶನು ಸಾಕ್ಷ್ಯವಿಲ್ಲದೆ ಯಾರ ಮಾತನ್ನೂ ನಂಬನು. ವಿಮಾನಪರೀಕ್ಷಕನು ಸಾಕ್ಷ್ಯವಿಲ್ಲದೆ ಯಾವ ಯಂತ್ರವನ್ನೂ ನಂಬನು. ತಂದೆಯು ಮನುಷ್ಯರ ಮಾತುಗಳನ್ನು ತೂಗಿ ನೋಡಿದರು. ಮಗನು ರೆಕ್ಕೆಗಳನ್ನೂ ಎಂಜಿನುಗಳನ್ನೂ ತೂಗಿ ನೋಡಿದರು.

ಭಾರತವು ಸ್ವತಂತ್ರವಾದ ಹೊಸದರಲ್ಲಿ ನಮ್ಮ ವಾಯುಪಡೆಯಲ್ಲಿ ಶೂರರಾದ ಚಾಲಕರಿಗೆ ಕೊರತೆಯಿರಲಿಲ್ಲ. ಆದರೆ ಹೊಸದಾಗಿ ಕಟ್ಟಿದ ವಿಮಾನವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ವಿದ್ಯೆಯನ್ನು ಕಲಿತವರು ಇರಲಿಲ್ಲವೆನ್ನುವಷ್ಟು ಕಡಮೆ. ಆ ವಿದ್ಯೆಗಾಗಿಯೇ ಇಂಗ್ಲೆಂಡಿನಲ್ಲಿ 1943ರಲ್ಲಿ ಒಂದು ವಿಶೇಷ ಶಾಲೆ ಹುಟ್ಟಿದ್ದಿತು. ಆಗ ಅದು ಫಾರ್ನ್‌ಬರೋ ಎಂಬಲ್ಲಿ ನಡೆಯುತ್ತಿತ್ತು. ಆ ಶಾಲೆಗೆ ಹೋಗಿ ಉತ್ತೀರ್ಣರಾಗಿ ಬಂದ ಭಾರತೀಯರ ಮೊದಲ ಸಾಲಿನಲ್ಲಿ ಸುರಂಜನ ದಾಸರು ಒಬ್ಬರು. ಈ ಶಿಕ್ಷಣವೇ ಅವರ ಮುಂದಿನ ಜೀವನದ ಗತಿಯನ್ನು ನಿರ್ಣಯಿಸಿತು.

ವಿಮಾನಪರೀಕ್ಷಕನೆಂದರೆ ಯಾರೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳನ್ನೆಳೆಯುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಸಾವಿರಾರು ಕೈಗಳು ಹಗ್ಗವನ್ನು ಹಿಡಿಯುವುದಕ್ಕೆ ಮೊದಲು ಅಚ್ಚನ್ನೂ ಗಾಲಿಯನ್ನೂ ಮುಟ್ಟಿ ನೋಡುವವರು ಬೇರೆಯವರಿರುತ್ತಾರೆ. ರಥವು ಹೊರಟ ಮೇಲೂ ಗಾಲಿಯ ಪಕ್ಕದಲ್ಲಿ ಮರದ ಬೆಣೆಯನ್ನು ಹಿಡಿದು ನಡೆಯುವವರಿರುತ್ತಾರೆ. ಜನರ ದೃಷ್ಟಿ ಕಲಶದ ಮೇಲೆ. ಇವರ ದೃಷ್ಟಿ ಗಾಲಿಯ ಮೇಲೆ. ಹಾಗೆಯೇ ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ ಕಪಿಲೆಯರು ತುಂಬಿ ಬಂದಾಗ, ಅನುಭವಶಾಲಿಯಾದ ಅಂಬಿಗನು ನೀರಿನ ಸೆಳೆತವೆಷ್ಟೆಂದು ಮೊದಲು ತಾನು ಅರಿತುಕೊಂಡಲ್ಲದೆ ಹೆಂಗಸರು ಮಕ್ಕಳನ್ನು ಹರಿಗೋಲಿನಲ್ಲಿ ಕೂಡಿಸುವುದಿಲ್ಲ. ವಿಮಾನಪರೀಕ್ಷಕನ ಕೆಲಸವೂ ಇದೇ ಜಾತಿಯದು. ಇತರರು ಹತ್ತುವುದಕ್ಕೆ ಮೊದಲು ತಾನು ಹತ್ತಿ, ಯಂತ್ರವು ಯಾವ ವೇಗದಲ್ಲಿ ಸ್ಥಿರವಾಗಿರುವುದು, ಯಾವ ವೇಗಕ್ಕಿಳಿದರೆ ರೆಕ್ಕೆಗೆ ಗಾಳಿಯ ಆಧಾರ ತಪ್ಪುವುದು, ಸುತ್ತುತ್ತ ಬೀಳತೊಡಗಿದರೆ ಹೇಗೆ ಚೇತರಿಸಿಕೊಳ್ಳುವುದು, ಎಲ್ಲಿ ನಡುಗುವುದು ಎಂಬುದನ್ನೆಲ್ಲ ಕಂಡು ಬಂದು ವರದಿ ಮಾಡುವುದೇ ಅವನ ಧರ್ಮ.

ಇದನ್ನು ಸಾಹಸವೆಂದು ಕರೆಯುವುದು ವಾಡಿಕೆ. ಆದರೆ ಈ ವೃತ್ತಿಯ ಮರ್ಮವು ಸಾಹಸದಲ್ಲಿಲ್ಲ, ಕ್ರಮದಲ್ಲಿದೆ. ಹೊಸ ವಿಮಾನವು ಕಾರ್ಖಾನೆಯಿಂದ ಹೊರಬಂದ ದಿನವೇ ಮುಗಿಲಿಗೇರುವುದಿಲ್ಲ. ಮೊದಲು ಅದನ್ನು ನೆಲಕ್ಕೆ ಬಿಗಿದು ಎಂಜಿನನ್ನು ಓಡಿಸಿ ನೋಡುವರು. ಬಳಿಕ ನೆಲದ ಮೇಲೆ ಮೆಲ್ಲಗೆ, ಆಮೇಲೆ ಬಿರುಸಾಗಿ ಓಡಿಸಿ ತಡೆಗಳು ಹಿಡಿಯುವುವೋ ಎಂದು ಪರೀಕ್ಷಿಸುವರು. ಅನಂತರ ಮೊದಲ ಹಾರಾಟ. ಅದರಲ್ಲಿ ಹೆಚ್ಚೇನನ್ನೂ ಮಾಡದೆ, ಏರಿ, ಸುತ್ತಿ, ಇಳಿದುಬಿಡುವರು. ಮುಂದಿನ ಒಂದೊಂದು ಹಾರಾಟಕ್ಕೂ ಒಂದೊಂದು ಹೊಸ ಪ್ರಶ್ನೆ. ಒಂದಕ್ಕೆ ಉತ್ತರ ಬಾರದೆ ಇನ್ನೊಂದನ್ನು ಕೇಳುವಂತಿಲ್ಲ. ಚಾಲಕನು ತೊಡೆಯ ಮೇಲಿನ ಹಲಗೆಯಲ್ಲಿ ಕಂಡದ್ದನ್ನು ಅಲ್ಲಿಂದಲ್ಲೇ ಬರೆದುಕೊಳ್ಳುವನು. ಕೆಳಗಿಳಿದು ಎಂಜಿನಿಯರುಗಳ ಎದುರಿಗೆ ಕುಳಿತು, ತನ್ನ ತಪ್ಪನ್ನೂ ಯಂತ್ರದ ತಪ್ಪನ್ನೂ ಮುಚ್ಚಿಡದೆ ಹೇಳುವನು. ಇದೇ ಅತ್ಯಂತ ಕಠಿನವಾದ ಭಾಗ. ಆಕಾಶದಲ್ಲಿ ಧೈರ್ಯವಿದ್ದವರು ಅನೇಕರು. ನೆಲದ ಮೇಲೆ ತಮ್ಮ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವಿದ್ದವರು ಕಡಮೆ. ವಿಮಾನಯಾನದ ಸುರಕ್ಷಿತತೆಯೆಲ್ಲವೂ ಈ ಎರಡನೆಯ ಬಗೆಯ ಧೈರ್ಯದ ಮೇಲೆಯೇ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಸುರಂಜನ ದಾಸರ ಕರ್ಮಭೂಮಿಯಾದ ಬೆಂಗಳೂರಿನ ವಿಮಾನ ಕಾರ್ಖಾನೆಯ ವೃತ್ತಾಂತವು ನಮ್ಮ ಮೈಸೂರು ಸೀಮೆಯವರಿಗೆ ಅಭಿಮಾನದ ವಿಷಯವಾಗಿರುವುದು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವಿಮಾನಗಳು ಅಲ್ಲಿಗೆ ಬಂದು ದುರಸ್ತಿಯಾಗಿ ಹೋಗುತ್ತಿದ್ದುವು. ಹೀಗೆ ನಮ್ಮ ಜನರು ವಿಮಾನವನ್ನು ಕಟ್ಟುವುದಕ್ಕಿಂತ ಮೊದಲು ವಿಮಾನವನ್ನು ಕಾಪಾಡುವ ವಿದ್ಯೆಯಲ್ಲಿ ನುರಿತರು. ಯಾವ ಬಿರುಕು ಅಪಾಯದ್ದು, ಯಾವ ತಿರುಪು ಸಡಿಲವಾದರೆ ಏನಾಗುವುದು ಎಂಬುದನ್ನು ಕೈಯಿಂದಲೇ ಕಲಿತರು. 1951ರ ಆಗಸ್ಟಿನಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ಶಿಕ್ಷಣವಿಮಾನವು ಮೊದಲ ಬಾರಿಗೆ ಹಾರಿತು. ಅದನ್ನು ಹಾರಿಸಿದವರು ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿಯವರು. ಆ ಬಳಿಕ ಆ ಕಾರ್ಖಾನೆಯಲ್ಲಿ ಪ್ರಧಾನ ಪರೀಕ್ಷಕರ ಸ್ಥಾನವನ್ನು ವಹಿಸಿ ಕೀರ್ತಿವಂತರಾದವರೇ ಸುರಂಜನ ದಾಸರು.

1956ರಲ್ಲಿ ಭಾರತ ಸರ್ಕಾರವು ಕುರ್ಟ್ ಟ್ಯಾಂಕ್ ಎಂಬ ಜರ್ಮನಿಯ ಪ್ರಸಿದ್ಧ ವಿಮಾನಶಿಲ್ಪಿಯನ್ನು ಬೆಂಗಳೂರಿಗೆ ಕರೆಯಿಸಿತು. ಧ್ವನಿಯ ವೇಗವನ್ನು ಮೀರಬಲ್ಲ ಯುದ್ಧವಿಮಾನವನ್ನು ನಮ್ಮ ದೇಶದಲ್ಲಿಯೇ ರಚಿಸುವುದು ಉದ್ದೇಶ. ಮುಂದೆ ಮಾರುತ್ ಎಂಬ ಹೆಸರನ್ನು ಪಡೆದ ಎಚ್‌ಎಫ್-24 ಅದೇ. ಟ್ಯಾಂಕರು ಬರಿಯ ನಕ್ಷೆ ಬರೆಯುವವರಲ್ಲ. ತಾವು ರಚಿಸಿದ ವಿಮಾನಗಳನ್ನು ತಾವೇ ಹಾರಿಸಿ ನೋಡಿದ ಅನುಭವವುಳ್ಳವರು. ಆದುದರಿಂದ ಆತುರವನ್ನು ಅವರು ಒಪ್ಪಲಿಲ್ಲ. ಎಂಜಿನುಳ್ಳ ವಿಮಾನವನ್ನು ಕಟ್ಟುವುದಕ್ಕೆ ಮೊದಲು ಅದೇ ಅಳತೆಯ, ಅದೇ ಆಕಾರದ, ಎಂಜಿನಿಲ್ಲದ ಒಂದು ಮರದ ವಿಮಾನವನ್ನು ಕಟ್ಟಿಸಿದರು. ಡಕೋಟಾ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿ, ಎತ್ತರದಲ್ಲಿ ಬಿಟ್ಟುಬಿಡುತ್ತಿತ್ತು. ಪರೀಕ್ಷಕನು ಅದನ್ನು ಗಾಳಿಯ ಮೇಲೆ ತೇಲಿಸಿಕೊಂಡು, ಅದರ ನಡವಳಿಕೆಯನ್ನು ಗಮನಿಸುತ್ತ ಕೆಳಗಿಳಿಸುತ್ತಿದ್ದನು. 1959ರ ಏಪ್ರಿಲಿನಿಂದ ಮೊದಲಾಗಿ ಈ ಬಗೆಯ 86 ಹಾರಾಟಗಳು ನಡೆದುವು. ಕಡೆಗೆ ಒಂದು ದಿನ ಮುಂದಿನ ಗಾಲಿಯು ಹೊರಗೆ ಬಾರದೆ, ಇಳಿಯುವಾಗ ಆ ಮರದ ವಿಮಾನವು ಜಖಂಗೊಂಡಿತು. ಆದರೆ ಅಷ್ಟರಲ್ಲಿ ಅದು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದ್ದಿತು. ನಮ್ಮ ಹಳ್ಳಿಯ ಬಡಗಿಯೂ ದೊಡ್ಡ ಬಾಗಿಲನ್ನು ಕೊರೆಯುವುದಕ್ಕೆ ಮೊದಲು ಚಿಕ್ಕ ಹಲಗೆಯ ಮೇಲೆ ಉಳಿಯಾಡಿಸಿ ನೋಡುವನಲ್ಲವೇ? ವಿವೇಕವು ಎಲ್ಲ ಕಸಬುಗಳಲ್ಲಿಯೂ ಒಂದೇ.

ಹೀಗೆ ಸಿದ್ಧವಾದ ಮಾರುತ್ ವಿಮಾನವನ್ನು 1961ನೆಯ ಇಸವಿ ಜೂನ್ 17ರಂದು ಸುರಂಜನ ದಾಸರು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿಸಿದರು. ಆಗ ಅವರು ವಿಂಗ್ ಕಮಾಂಡರ್ ಪದವಿಯಲ್ಲಿದ್ದರು. ಒಂದು ವಾರ ಕಳೆದು, ಜೂನ್ 24ರಂದು, ರಕ್ಷಣಾ ಮಂತ್ರಿಗಳಾದ ಕೃಷ್ಣ ಮೆನನರ ಎದುರಿನಲ್ಲಿ ಅದರ ಬಹಿರಂಗ ಪ್ರದರ್ಶನವಾಯಿತು. ಜಗತ್ತು ನೋಡಿದ್ದು ಎರಡನೆಯದನ್ನು, ಕಾರ್ಯವಾದುದು ಮೊದಲನೆಯದರಲ್ಲಿ. ಚಪ್ಪಾಳೆಯಿಲ್ಲದ ದಿನವೇ ನಿಜವಾದ ಪರೀಕ್ಷೆಯ ದಿನವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

1964ನೆಯ ಇಸವಿ ಸೆಪ್ಟೆಂಬರ್ 4ರಂದು ಅವರು ಇನ್ನೊಂದು ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅದರ ಹೆಸರು ಕಿರಣ್. ಯುದ್ಧಕ್ಕಾಗಿಯಲ್ಲ, ಕಲಿಯುವವರಿಗಾಗಿ ರಚಿತವಾದ ವಿಮಾನವಿದು. ಇದರಲ್ಲಿ ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರಲ್ಲದೆ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುವರು. ಶಿಷ್ಯನ ಕೈ ಎಲ್ಲಿ ತಡವರಿಸುವುದೆಂಬುದು ಗುರುವಿನ ಕಣ್ಣಿಗೆ ಕಾಣುವುದು. ಗುರುವಿನ ಕೈ ಎಷ್ಟು ಶಾಂತವಾಗಿರುವುದೆಂಬುದು ಶಿಷ್ಯನಿಗೂ ಕಾಣುವುದು. ಯುದ್ಧವಿಮಾನದಲ್ಲಿ ದೋಷವುಳಿದರೆ ನುರಿತ ಚಾಲಕನು ಅದನ್ನು ಹೇಗಾದರೂ ನಿಭಾಯಿಸಿಯಾನು. ಶಿಕ್ಷಣವಿಮಾನದಲ್ಲಿ ದೋಷವುಳಿದರೆ ಇಪ್ಪತ್ತು ವರುಷದ ಎಳೆಯನು ಅದಕ್ಕೆ ಬಲಿಯಾಗುವನು. ಆದುದರಿಂದ ಶಿಕ್ಷಣವಿಮಾನವನ್ನು ಪರೀಕ್ಷಿಸುವವನು ಒಂದು ಬಗೆಯಲ್ಲಿ ಇನ್ನೂ ಹುಟ್ಟದ ಮಕ್ಕಳ ಪರವಾಗಿ ಜವಾಬುದಾರಿಯನ್ನು ಹೊತ್ತವನು. ಕಿರಣ್ ವಿಮಾನಗಳು ಆ ಬಳಿಕ ಅರ್ಧ ಶತಮಾನದವರೆಗೆ ನಮ್ಮ ವಾಯುಪಡೆಯ ತರುಣರಿಗೆ ಹಾರಾಟವನ್ನು ಕಲಿಸಿದುವು. ನಮ್ಮ ಬೀದರಿನಲ್ಲಿ ನೆಲೆಸಿದ್ದ ಸೂರ್ಯಕಿರಣ ತಂಡದವರು 2011ರವರೆಗೆ ಪ್ರದರ್ಶನ ನೀಡುತ್ತಿದ್ದುದೂ ಈ ಜಾತಿಯ ವಿಮಾನಗಳಲ್ಲಿಯೇ.

ಈ ಕಾರ್ಯಗಳ ಕೀರ್ತಿಯು ಒಬ್ಬರ ಹೆಸರಿಗೆ ಸಂದರೂ, ನೆಲದ ಮೇಲೆ ಅನಾಮಧೇಯರಾಗಿ ದುಡಿದವರನ್ನು ನಾವು ಮರೆಯಲಾಗದು. ವಿಮಾನವು ಹೊರಡುವುದಕ್ಕೆ ಮೊದಲು ಅದನ್ನು ನೋಡಿಕೊಂಡ ಎಂಜಿನಿಯರು ಒಂದು ಪುಸ್ತಕದಲ್ಲಿ, ಇಂಥಿಂಥದನ್ನು ಪರಿಶೀಲಿಸಿದೆನು, ಇದು ಹಾರಾಟಕ್ಕೆ ಯೋಗ್ಯವಾಗಿದೆ ಎಂದು ಬರೆದು ರುಜು ಹಾಕುವನು. ಚಾಲಕನು ಅದನ್ನೋದಿ, ತಾನೂ ವಿಮಾನದ ಸುತ್ತ ನಡೆದು ನೋಡಿ, ಕೆಳಗೆ ತನ್ನ ರುಜುವನ್ನು ಹಾಕಿದಲ್ಲದೆ ಏರುವಂತಿಲ್ಲ. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಎಣಿಸುವರು. ಒಂದು ತಿರುಪುಳಿ ಕಡಮೆಯಾದರೂ, ಅದು ಸಿಕ್ಕುವವರೆಗೆ ವಿಮಾನವನ್ನು ಬಿಡುವುದಿಲ್ಲ. ಏಕೆಂದರೆ ಎಂಜಿನಿನೊಳಗೆ ಮರೆತ ಒಂದು ಸಣ್ಣ ಕಬ್ಬಿಣದ ತುಂಡು ನೂರಾರು ಜನರ ಪ್ರಾಣವನ್ನು ತೆಗೆಯಬಲ್ಲದು. ಮನೆಯಲ್ಲಿ ಮಕ್ಕಳನ್ನು ಹೊರಗೆ ಕಳುಹಿಸುವ ತಾಯಿಯು ಒಲೆಯನ್ನೂ ಬೀಗವನ್ನೂ ಎರಡನೆಯ ಬಾರಿ ನೋಡಿ ಬರುವಳು. ಅದನ್ನು ನಾವು ಅಪನಂಬಿಕೆಯೆನ್ನುವುದಿಲ್ಲ, ಪ್ರೀತಿಯೆನ್ನುವೆವು. ವಿಮಾನದ ಎಂಜಿನಿಯರು ಎರಡನೆಯ ಬಾರಿ ನೋಡುವುದೂ ಅಂಥದೇ. ಆ ರುಜುವಿಗೆ ಬೆಲೆಯಿರುವುದು ಅದನ್ನು ಹಾಕಿದವರು ನಿಜವಾಗಿಯೂ ನೋಡಿದ್ದರೆ ಮಾತ್ರ.

ಇನ್ನು ದುಃಖದ ಭಾಗವನ್ನು ಹೇಳಬೇಕಾಗಿದೆ. ಮಾರುತ್ ವಿಮಾನದ ಶರೀರವು ಉತ್ತಮವಾಗಿದ್ದರೂ, ಅದಕ್ಕೆ ತಕ್ಕ ಬಲವುಳ್ಳ ಎಂಜಿನು ದೊರೆಯಲಿಲ್ಲ. ಧ್ವನಿಯ ಎರಡರಷ್ಟು ವೇಗಕ್ಕಾಗಿ ಯೋಚಿಸಿದ ವಿಮಾನವು ಧ್ವನಿಯ ವೇಗವನ್ನು ಮುಟ್ಟುವುದಕ್ಕೇ ಪ್ರಯಾಸಪಡಬೇಕಾಗಿತ್ತು. ಈ ಕೊರತೆಯನ್ನು ನೀಗುವುದಕ್ಕಾಗಿ, ಎಂಜಿನಿನಿಂದ ಹೊರಡುವ ಬಿಸಿಗಾಳಿಯಲ್ಲಿ ಮತ್ತೊಮ್ಮೆ ಇಂಧನವನ್ನು ಉರಿಸಿ ಹೆಚ್ಚಿನ ತಳ್ಳುಬಲವನ್ನು ಪಡೆಯುವ ಏರ್ಪಾಟನ್ನು ಮಾಡಿ, ಹೊಸ ಮಾದರಿಯೊಂದನ್ನು ಕಟ್ಟಿದರು. ಅದರ ಪರೀಕ್ಷೆಯ ಭಾರವೂ ಸುರಂಜನ ದಾಸರ ಮೇಲೆಯೇ ಬಿದ್ದಿತು. ಆಗ ಅವರು ಗ್ರೂಪ್ ಕ್ಯಾಪ್ಟನ್ ಆಗಿದ್ದರು. 1970ನೆಯ ಇಸವಿ ಜನವರಿ 10ರಂದು ಆ ವಿಮಾನವು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ, ಅವರು ಪ್ರಾಣವನ್ನು ಕಳೆದುಕೊಂಡರು. ಆಗ ಅವರಿಗೆ ಐವತ್ತು ವರುಷ ತುಂಬಿರಲಿಲ್ಲ. ಅದೇ ವರುಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ಸಲ್ಲಿಸಿತು.

ಅವರ ತಂದೆ ಸುಧಿರಂಜನ ದಾಸರು ಆಗ ಜೀವಿಸಿದ್ದರು, 1977ರವರೆಗೂ ಜೀವಿಸಿದ್ದರು. ಹಿರಿಯರು ಕಿರಿಯರನ್ನು ಕಳುಹಿಸಿಕೊಡುವ ಈ ದುಃಖವು ಎಂಥದೆಂಬುದನ್ನು ನಾವು ಬರೆದು ತಿಳಿಸಬೇಕಾಗಿಲ್ಲ. ಈ ಪುಟವನ್ನೋದುವ ತಾಯಿತಂದೆಗಳೇ ಬಲ್ಲರು. ಇಷ್ಟೆಲ್ಲ ಎಚ್ಚರಿಕೆ, ಇಷ್ಟೆಲ್ಲ ಕ್ರಮ, ಇಷ್ಟೆಲ್ಲ ರುಜುಗಳಿದ್ದೂ ಹೀಗಾಯಿತಲ್ಲ, ಹಾಗಾದರೆ ಅವುಗಳಿಂದ ಪ್ರಯೋಜನವೇನು ಎಂಬ ಸಂದೇಹವು ಇಲ್ಲಿ ಹುಟ್ಟುವುದು ಸಹಜ. ಅದನ್ನು ನಾವು ಮರೆಮಾಚುವುದಿಲ್ಲ. ಎಚ್ಚರಿಕೆಯು ಅಪಾಯವನ್ನು ಕಡಮೆ ಮಾಡುವುದೇ ಹೊರತು ಇಲ್ಲವಾಗಿಸುವುದಿಲ್ಲ. ಪರೀಕ್ಷಕನು ಹೋಗುವುದು ಯಾರೂ ಹೋಗದ ದಾರಿಯಲ್ಲಿ. ಅಲ್ಲಿ ಉಳಿದಿರುವ ಅಪಾಯವನ್ನು ಅವನು ಬಲ್ಲನು. ಆದರೆ ಅವನು ಅಲ್ಲಿಗೆ ಹೋದುದರಿಂದಲೇ ಹಿಂದೆ ಬರುವ ಸಾವಿರಾರು ಜನರಿಗೆ ಆ ಅಪಾಯವು ತಪ್ಪುವುದು. ಕಿರಣ್ ವಿಮಾನದಲ್ಲಿ ಕಲಿತು ಕ್ಷೇಮವಾಗಿ ಮನೆಗೆ ಮರಳಿದ ಮಕ್ಕಳ ತಾಯಂದಿರು ಸುರಂಜನ ದಾಸರ ಹೆಸರನ್ನು ಕೇಳಿರಲಾರರು. ಆದರೂ ಅವರಿಗೆ ಸಂದ ಲಾಭದಲ್ಲಿ ಈ ಮನುಷ್ಯನ ಪಾಲಿದೆ.

ಅವರ ಕಾರ್ಯವು ಅವರೊಡನೆ ಕೊನೆಗಾಣಲಿಲ್ಲ. ಮಾರುತ್ ವಿಮಾನಗಳು 147ರಷ್ಟು ನಿರ್ಮಿತವಾಗಿ, 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿದುವು. ಶತ್ರುವಿನ ಗುಂಡು ತಗುಲಿ ಒಂದು ಎಂಜಿನು ಕೆಟ್ಟರೂ, ಇನ್ನೊಂದರ ಬಲದಿಂದ ಚಾಲಕನು ಮರಳಿ ಬಂದುದುಂಟು. ಎರಡು ಎಂಜಿನುಗಳ ಆ ರಚನೆಯನ್ನು ಪರೀಕ್ಷಿಸಿ ನಂಬಿಕೆಗೆ ಅರ್ಹವೆಂದು ತೋರಿಸಿಕೊಟ್ಟವರು ಮೊದಲಿನ ಪರೀಕ್ಷಕರೇ ಅಲ್ಲವೇ? ಪರೀಕ್ಷೆಯ ವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಬೇಕಾಗಿದ್ದ ಕಾಲವೂ ಕಳೆಯಿತು. 1972ರಲ್ಲಿ ಬೆಂಗಳೂರಿನಲ್ಲಿಯೇ ವಾಯುಪಡೆಯ ಪರೀಕ್ಷಾಸಂಸ್ಥೆ ನೆಲೆಗೊಂಡು, ಮರುವರುಷ ಅಲ್ಲಿ ವಿಮಾನಪರೀಕ್ಷಕರ ಶಾಲೆಯೂ ಪ್ರಾರಂಭವಾಯಿತು. ಸುರಂಜನ ದಾಸರ ಮೊದಲ ಹಾರಾಟಕ್ಕೆ ಸುಮಾರು ನಲವತ್ತು ವರುಷ ತುಂಬುವ ಹೊತ್ತಿಗೆ, 2001ರ ಜನವರಿ 4ರಂದು, ಅದೇ ಬೆಂಗಳೂರಿನ ವಿಮಾನನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲರು ನಮ್ಮ ದೇಶದ ಇನ್ನೊಂದು ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅದಕ್ಕೆ ಆಮೇಲೆ ತೇಜಸ್ ಎಂದು ಹೆಸರಾಯಿತು.

ಆದರೆ ಒಂದು ಪೀಳಿಗೆಯವರು ಸಂಪಾದಿಸಿದ ಸುರಕ್ಷಿತತೆಯು ಮುಂದಿನವರಿಗೆ ತಾನಾಗಿ ಬರುವ ಆಸ್ತಿಯಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಅದೇ ನಿಲ್ದಾಣಕ್ಕೆ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನವೊಂದು, ರನ್‌ವೇಯನ್ನು ಮುಟ್ಟುವ ಮೊದಲೇ ನೆಲಕ್ಕೆ ಬಡಿದು 92 ಜನರು ಮಡಿದರು. 2010ರ ಮೇ 22ರಂದು ಮಂಗಳೂರಿನ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಇನ್ನೊಂದು ವಿಮಾನವು ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ 158 ಜನರು ಪ್ರಾಣ ಕಳೆದುಕೊಂಡರು. ಬದುಕಿ ಉಳಿದವರು 8 ಮಂದಿ ಮಾತ್ರ. ಮಂಗಳೂರಿನ ದುರಂತದ ತನಿಖೆಯಲ್ಲಿ ಹೊರಪಟ್ಟ ಒಂದು ಸಂಗತಿಯು ಎಲ್ಲರೂ ಮನಸ್ಸಿನಲ್ಲಿಡತಕ್ಕದ್ದು. ವಿಮಾನವು ಇಳಿಯುವ ರೀತಿ ಸರಿಯಾಗಿಲ್ಲವೆಂದು ಕಂಡು, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕನು ಸೂಚಿಸಿದ್ದನು. ಆ ಸೂಚನೆಯು ಸಕಾಲದಲ್ಲಿ ಕಾರ್ಯಕ್ಕೆ ಬರಲಿಲ್ಲ. ಕಿರಿಯರ ಬಾಯಿಂದ ಬಂದ ಎಚ್ಚರಿಕೆಯನ್ನು ಹಿರಿಯರು ಕೇಳುವುದು, ಹಿರಿಯರ ಎದುರಿಗೆ ಕಿರಿಯರು ಅಂಜದೆ ಎಚ್ಚರಿಕೆ ಹೇಳುವುದು, ಇವೆರಡೂ ವಿಮಾನದಲ್ಲಿ ಮರ್ಯಾದೆಯ ಪ್ರಶ್ನೆಗಳಲ್ಲ, ಪ್ರಾಣದ ಪ್ರಶ್ನೆಗಳು.

ವಿಮಾನದೊಳಗೆ ಪ್ರಯಾಣಿಕರ ಸೇವೆಗೆ ನಿಲ್ಲುವ ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತನ್ನು ಹೇಳುವುದು ಯುಕ್ತ. ಅವರ ಕೆಲಸವು ನಗುಮುಖದಿಂದ ಕಾಫಿ ಕೊಡುವುದಷ್ಟೇ ಎಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಅದು ಅವರ ಕೆಲಸದ ಮೇಲುಹೊದಿಕೆ ಮಾತ್ರ. ಹೊಗೆ ತುಂಬಿದ ಕತ್ತಲೆಯಲ್ಲಿ ಬಾಗಿಲನ್ನು ತೆರೆದು, ಹೆದರಿದ ಜನರನ್ನು ಗಟ್ಟಿಯಾದ ದನಿಯಿಂದ ಹೊರಡಿಸಿ, ಕಡೆಯಲ್ಲಿ ತಾವು ಹೊರಡುವುದೇ ಅವರಿಗೆ ಕಲಿಸುವ ನಿಜವಾದ ವಿದ್ಯೆ. ಹೊಸ ಬಗೆಯ ದೊಡ್ಡ ಪ್ರಯಾಣಿಕ ವಿಮಾನಕ್ಕೆ ಅನುಮತಿ ಕೊಡುವ ಮೊದಲು, ಅರ್ಧ ಬಾಗಿಲುಗಳು ಮುಚ್ಚಿದ್ದರೂ ಅದರಲ್ಲಿರುವವರೆಲ್ಲರೂ 90 ಸೆಕೆಂಡುಗಳಲ್ಲಿ ಹೊರಬೀಳಬಲ್ಲರೆಂಬುದನ್ನು ತೋರಿಸಬೇಕೆಂಬ ನಿಯಮವಿದೆ. ಆ 90 ಸೆಕೆಂಡುಗಳ ಹೊಣೆಗಾರರು ಈ ಹೆಣ್ಣುಮಕ್ಕಳೇ. ಆದುದರಿಂದ ವಿಮಾನದಲ್ಲಿ ಅವರು ಬಾಗಿಲುಗಳನ್ನು ತೋರಿಸಿ ಮಾತನಾಡುವಾಗ ಪುಸ್ತಕವನ್ನು ಮಡಿಸಿ ಕೇಳುವುದು ನಮ್ಮ ಕರ್ತವ್ಯ.

ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಆಕಾಶವು ಹೊಸದೇನಲ್ಲ. 1949ರಲ್ಲಿಯೇ ಉಷಾ ಸುಂದರಂ ಎಂಬ ಮಹಿಳೆಯು ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವಿಮಾನಶಾಲೆಯಲ್ಲಿ ಕಲಿತು ಉತ್ತೀರ್ಣಳಾದಳು. 2016ರ ಜೂನಿನಲ್ಲಿ ಭಾರತೀಯ ವಾಯುಪಡೆಯ ಯುದ್ಧವಿಮಾನಗಳಿಗೆ ಮೊಟ್ಟಮೊದಲಾಗಿ ಮೂವರು ತರುಣಿಯರು ಚಾಲಕರಾಗಿ ಆಯ್ಕೆ ಹೊಂದಿದರು: ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. ಅವರು ಜೆಟ್ ವಿಮಾನವನ್ನು ಕಲಿತುದು ಕಿರಣ್ ವಿಮಾನದಲ್ಲಿ. ಅದರ ಮುಂದಿನ ಶಿಕ್ಷಣವು ನಡೆದುದು ನಮ್ಮ ಬೀದರಿನಲ್ಲಿ. 1964ರ ಸೆಪ್ಟೆಂಬರಿನಲ್ಲಿ ಸುರಂಜನ ದಾಸರು ಮೊದಲ ಬಾರಿಗೆ ಹಾರಿಸಿ ನೋಡಿ ಒಪ್ಪಿದ ಆ ವಿಮಾನದ ಮಾದರಿಯು, 52 ವರುಷಗಳ ತರುವಾಯ, ಅವರು ಕಾಣದ, ಅವರನ್ನು ಕಾಣದ ಈ ಹೆಣ್ಣುಮಕ್ಕಳನ್ನು ಮೇಲಕ್ಕೆ ಕೊಂಡೊಯ್ದು ಕ್ಷೇಮವಾಗಿ ಕೆಳಗಿಳಿಸಿತು. ಸತ್ಪುರುಷರ ಕಾರ್ಯವು ಎಲ್ಲಿಯವರೆಗೆ ಫಲಿಸುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮಗೆ ಬೇಕಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮಗಳು ವಿಮಾನದ ಚಾಲಕಿಯಾಗಬೇಕೆಂದರೆ, ಎಂಜಿನಿಯರಾಗಬೇಕೆಂದರೆ, ಪ್ರಯಾಣಿಕರ ಸೇವೆಗೆ ಸೇರಬೇಕೆಂದರೆ ತಾಯಿತಂದೆಗಳು ಏನು ಹೇಳಬೇಕು? ಅಪಾಯವೇ ಇಲ್ಲವೆಂದು ಹೇಳುವುದು ಬೇಡ. ಸುರಂಜನ ದಾಸರ ತಂದೆಗೆ ಯಾರೂ ಹಾಗೆ ಹೇಳಲಾರದೆ ಹೋದರು. ಅಪಾಯವಿರುವುದರಿಂದ ಬೇಡವೆಂದೂ ಹೇಳುವುದು ಬೇಡ. ಹಾಗೆ ಎಲ್ಲರೂ ಹೇಳಿದ್ದರೆ ಸಂಗಮವನ್ನು ಯಾವ ಹರಿಗೋಲೂ ದಾಟುತ್ತಿರಲಿಲ್ಲ. ಮಗಳು ಮಾಡಿದ ಕೆಲಸವನ್ನು ಎರಡನೆಯ ಬಾರಿ ನೋಡುವ ಅಭ್ಯಾಸವುಳ್ಳವಳೇ? ತಪ್ಪಿದಾಗ ತಪ್ಪಿದೆನೆಂದು ಹೇಳಬಲ್ಲಳೇ? ತನಗಿಂತ ಹಿರಿಯರು ತಪ್ಪುವಾಗ ವಿನಯದಿಂದಲೂ ಸ್ಪಷ್ಟವಾಗಿಯೂ ಎಚ್ಚರಿಸಬಲ್ಲಳೇ? ನೋಡದೆ ಎಲ್ಲಿಯೂ ರುಜು ಹಾಕದಿರುವಳೇ? ಇಷ್ಟನ್ನು ವಿಚಾರಿಸಿರಿ. ಈ ಗುಣಗಳು ಬರುವುದು ವಿಮಾನಶಾಲೆಯಲ್ಲಿ ಅಲ್ಲ. ಅಡಿಗೆಮನೆಯಲ್ಲಿ, ಪಾಠಶಾಲೆಯ ಬೆಂಚಿನ ಮೇಲೆ, ಲೆಕ್ಕದ ಪುಸ್ತಕದ ಅಂಚಿನಲ್ಲಿ. ಅವುಗಳಿದ್ದಲ್ಲಿ ಆಶೀರ್ವದಿಸಿ ಕಳುಹಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನೀವು ಮುಂದೆ ಬೆಂಗಳೂರಿನ ಆ ರಸ್ತೆಯಲ್ಲಿ ಹೋಗುವಾಗ ನಿಮ್ಮ ಮಕ್ಕಳಿಗೆ ಆ ಹೆಸರಿನ ಅರ್ಥವನ್ನು ಹೇಳಿರಿ. ಇತರರು ಕ್ಷೇಮವಾಗಿ ಹೋಗಲೆಂದು ತಾನು ಮೊದಲು ಹೋದ ಒಬ್ಬ ಮನುಷ್ಯನಿದ್ದನೆಂದು ಹೇಳಿರಿ. ಅಷ್ಟಾದರೆ ಈ ಚಿಕ್ಕ ಚರಿತ್ರೆಯನ್ನು ಬರೆದ ನಮ್ಮ ಶ್ರಮವು ಸಾರ್ಥಕವಾದಂತಾಗುವುದು.